ಅಪ್‌ಡೇಟ್: ಹಾಲೂಡಿಸುವಾಗಿನ ತೊಟ್ಟಿನ ಉರಿ ವಾಸಿಯಾಯಿತು

ತೊಟ್ಟು ಒಡೆದಿದೆ, ಪಾಪು ಬಾಯಿ ಹಾಕಿದರೆ ಜೀವ ಹೋಗುತ್ತದೆ, ಮನೆಮದ್ದು ಹೇಳಿ ಅಂತ ಕೇಳಿದ್ದೆನಲ್ಲ, ಈಗ ಆರಾಮಾಗಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ನನಗೆ ಹೊಂದಿದ್ದು ಎಲ್ಲಕ್ಕಿಂತ ಸುಲಭದ್ದೇ. ಹಾಲೂಡಿಸಿದ ಮೇಲೆ ಎರಡು ಹನಿ ಎದೆಹಾಲನ್ನೇ ಹಿಂಡಿ ತೊಟ್ಟಿಗೆ ಸವರಿ, ಗಾಳಿಗೆ ಆರಲು ಬಿಡುವುದು. ಆಮೇಲೆ ತೆಳ್ಳಗೆ ಕೊಬ್ಬರಿ ಎಣ್ಣೆ. ಅಮ್ಮನ ತುಪ್ಪವೂ ಪರವಾಗಿಲ್ಲ, ಆದರೆ ಬಟ್ಟೆಯೆಲ್ಲ ಜಿಡ್ಡು! ಲೋಳೆಸರ ತಂಪಾಗಿತ್ತು, ಆದರೆ ಕಹಿ. ಪ್ರತಿ ಸಲ ತೊಳೆದೇ ಹಾಲೂಡಿಸಬೇಕು. ನಡುರಾತ್ರಿ ಯಾರಿಗಾಗುತ್ತದೆ? ಟೀ ಬ್ಯಾಗ್ ಇಟ್ಟರೆ ಚರ್ಮ ಇನ್ನೂ ಒಣಗಿತು. ಜೇನುತುಪ್ಪ ಮಾತ್ರ ಮುಟ್ಟಲಿಲ್ಲ. 1 ವರ್ಷದೊಳಗಿನ ಮಗುವಿನ ಬಾಯಿಗೆ ಅದು ಹೋಗಬಾರದು, ಬಾಟುಲಿಸಂ ಅನ್ನೋ ಗಂಭೀರ ಕಾಯಿಲೆಯ ಅಪಾಯವಿದೆ.

ನಿಜವಾದ ಕಾರಣ ಗೊತ್ತಾಗಿದ್ದು ನರ್ಸ್ ಅಕ್ಕನಿಂದ. ಪಾಪು ತೊಟ್ಟನ್ನಷ್ಟೇ ಚೀಪುತ್ತಿತ್ತಂತೆ. ಬಾಯಿ ಅಗಲವಾಗಿ ತೆರೆದಾಗ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಬೇಕು, ಮಗುವಿನ ಗದ್ದ ಎದೆಗೆ ತಾಗಬೇಕು. ಬಿಡಿಸುವಾಗ ಎಳೆಯಬಾರದು, ಬಾಯಿಯ ಅಂಚಿಗೆ ಕಿರುಬೆರಳು ತೂರಿಸಬೇಕು. ಇದನ್ನು ಸರಿಮಾಡಿದ ಮೇಲೇ ಗಾಯ ಮಾಯಲು ಶುರುವಾಯಿತು. ಇಲ್ಲದಿದ್ದರೆ ಸುಮ್ನೆ ಎಣ್ಣೆ ಖರ್ಚು ಅಲ್ವಾ?

ಪಾಪು ಬಾಯಲ್ಲಿ ಬಿಳಿ ಮಚ್ಚೆ ಕಂಡರೆ, ಅಥವಾ ನಿಮಗೆ ಜ್ವರ ಬಂದು ಎದೆ ಕೆಂಪಾದರೆ ಮನೆಮದ್ದು ಬಿಟ್ಟು ಡಾಕ್ಟರಿಗೆ ತೋರಿಸಿ.