ಸಹಾಯ ಬೇಕು: ಹಳೇ ಗ್ಯಾಲ್ವನೋಮೀಟರ್, ತಾಮ್ರದ ತಂತಿ

ನಮಸ್ಕಾರ. ನಾನಿರುವುದು ತೀರ್ಥಹಳ್ಳಿ ಹತ್ತಿರ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಸೇರಿರುವ ನಮ್ಮೂರ ನಾಲ್ಕೈದು ಮಕ್ಕಳಿಗೆ ಸಂಜೆ ಹೊತ್ತು ಸರ್ಕ್ಯೂಟ್ ಹೇಳಿಕೊಡುತ್ತಿದ್ದೇನೆ. ಓಮ್ ನಿಯಮದ ಲೆಕ್ಕ ಸಲೀಸಾಗಿ ಮಾಡುತ್ತಾರೆ. ಆದರೆ 1.5 ವೋಲ್ಟ್ ಸೆಲ್‌ಗೆ 2.5 ಓಮ್ ರೋಧ ಜೋಡಿಸಿದಾಗ ಸೆಲ್‌ನ ತುದಿಗಳಲ್ಲಿ 1.25 ವೋಲ್ಟ್ ಮಾತ್ರ ಯಾಕೆ ಸಿಗುತ್ತದೆ ಅಂದರೆ ಸುಮ್ನೆ ಮುಖ ನೋಡುತ್ತಾರೆ. ಸೆಲ್ ಒಳಗೇ 0.5 ಓಮ್ ರೋಧ ಇದೆ, ಅರ್ಧ ಆಂಪಿಯರ್ ಹರಿದಾಗ ಉಳಿದ 0.25 ವೋಲ್ಟ್ ಅಲ್ಲೇ ಖರ್ಚಾಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ ಅಲ್ವಾ!

ಇದಕ್ಕಿಂತ ಜಾಸ್ತಿ ತಲೆನೋವು ವಿಜ್ಞಾನಿ ಫ್ಯಾರಡೆಯದು. 1831ರಲ್ಲಿ ಆತ ಕಂಡುಕೊಂಡಿದ್ದನ್ನು ಮಾಡಿಯೇ ತೋರಿಸಬೇಕು: ತಂತಿ ಸುರುಳಿಗೆ ಗ್ಯಾಲ್ವನೋಮೀಟರ್ (ಸಣ್ಣ ಕರೆಂಟನ್ನೂ ಮುಳ್ಳಿನಿಂದ ತೋರಿಸುವ ಮೀಟರ್) ಜೋಡಿಸಿ, ಸುರುಳಿಯೊಳಗೆ ಆಯಸ್ಕಾಂತ ಆಡಿಸಿದರೆ ಮುಳ್ಳು ಅಲುಗುತ್ತದೆ, ಅಲ್ಲಾಡಿಸದೆ ಬಿಟ್ಟರೆ ಸೊನ್ನೆಗೆ ಬರುತ್ತದೆ. ಲಿಂಗನಮಕ್ಕಿ ನೀರಿನಿಂದ ಕರೆಂಟ್ ತೆಗೆಯುವುದೂ ಇದೇ ತತ್ವದ ಮೇಲೆ. ಆದರೂ "ಆಯಸ್ಕಾಂತ ಒಳಗೇ ಇದೆಯಲ್ಲ, ಕರೆಂಟ್ ಯಾಕೆ ನಿಲ್ಲುತ್ತೆ?" ಅಂತ ಹುಡುಗಿಯೊಬ್ಬಳು ಕೇಳುತ್ತಲೇ ಇದ್ದಾಳೆ. ಒಳ್ಳೇ ಪ್ರಶ್ನೆ.

ಸೊನ್ನೆ ಮಧ್ಯದಲ್ಲಿರುವ ಹಳೇ ಗ್ಯಾಲ್ವನೋಮೀಟರ್ ಯಾರ ಹತ್ತಿರವಾದರೂ ಇದ್ದರೆ ಒಂದು ವಾರಕ್ಕೆ ಕೊಡಿ. ಶಿವಮೊಗ್ಗದಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವವರು ಸುರುಳಿ ಸುತ್ತಲು ಎನಾಮಲ್ ಲೇಪದ ತಾಮ್ರದ ತಂತಿಯನ್ನು ಸ್ವಲ್ಪವೇ ಆದರೂ ಕೊಡುತ್ತಾರಾ? ಕನ್ನಡದಲ್ಲಿ ಚಿತ್ರ ಸಮೇತ ನೋಟ್ಸ್ ಇದ್ದರೂ ಕಳಿಸಿ. ವಿಡಿಯೋ ಬೇಡ, ಈ ಮಳೆಗೆ ಇಲ್ಲಿ ನೆಟ್‌ವರ್ಕೇ ಇರುವುದಿಲ್ಲ.