ನೂರು ಪಟ್ಟಿಗಳಲ್ಲಿ 57 ಬಂತು, ಸೂತ್ರ 0.507 ಎನ್ನುತ್ತದೆ: ಯಾವುದನ್ನು ನಂಬಬೇಕು?

ಪ್ರಶ್ನೆ:
ನಾನು ಪಿಯು ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. 23 ಜನರ ಗುಂಪಿನಲ್ಲಿ ಕನಿಷ್ಠ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವನೀಯತೆಯನ್ನು, ಸೂತ್ರ ಹೇಳಿಕೊಡುವ ಮೊದಲು, ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕದಿಂದ ಅಂದಾಜು ಮಾಡಿಸಿದೆ. ಮಕ್ಕಳು ಮೂರು ಮೂರು ಅಂಕಿಗಳನ್ನು ಓದಿ, 000 ಬಂದರೆ ಬಿಟ್ಟು, 001ರಿಂದ 365ರವರೆಗಿನದನ್ನು ವರ್ಷದ ದಿನವೆಂದು ಬರೆದುಕೊಂಡು, ಅದಕ್ಕಿಂತ ದೊಡ್ಡದು ಬಂದಾಗ 365 ಅಥವಾ 730 ಕಳೆದು, 23 ದಿನಗಳ ನೂರು ಪಟ್ಟಿಗಳನ್ನು ಮಾಡಿದರು. 57 ಪಟ್ಟಿಗಳಲ್ಲಿ ದಿನ ಮರುಕಳಿಸಿತ್ತು. ಸೂತ್ರದಿಂದ 0.507 ಬಂದಾಗ ಒಬ್ಬ ಹುಡುಗಿ, "ಸರ್, ಎರಡರಲ್ಲಿ ಯಾವುದು ತಪ್ಪು?" ಎಂದು ಕೇಳಿದಳು. "ಇನ್ನೂ ಹೆಚ್ಚು ಸಲ ಮಾಡಿದರೆ ಸರಿಹೋಗುತ್ತದೆ" ಎಂದೆ. ಆ ಉತ್ತರ ನನಗೇ ಸಾಲದು ಎನಿಸಿದೆ.

ಉತ್ತರ 1:
ಎಷ್ಟು ಸಲ ಮಾಡಿದರೆ ಎಷ್ಟು ಸರಿಹೋಗುತ್ತದೆ ಎಂಬುದನ್ನೂ ಹೇಳಿದರೆ ಉತ್ತರ ಪೂರ್ಣವಾದೀತು. ಅಂದಾಜಿನ ಮಾನಕ ದೋಷವು (ಅಂದಾಜು ನಿಜವಾದ ಬೆಲೆಯಿಂದ ಸಾಮಾನ್ಯವಾಗಿ ಎಷ್ಟು ಸರಿಯುತ್ತದೆ ಎಂಬ ಅಳತೆ) p(1−p)/n ಎಂಬುದರ ವರ್ಗಮೂಲ, ಇದರಲ್ಲಿ p ಎಂದರೆ ಸಂಭವನೀಯತೆ, n ಎಂದರೆ ಪಟ್ಟಿಗಳ ಸಂಖ್ಯೆ; ಇಲ್ಲಿ n = 100 ಆದ್ದರಿಂದ ಅದು ಸುಮಾರು 0.05. ನಿಮಗೆ ಬಂದಿರುವ ವ್ಯತ್ಯಾಸ 0.063, ಅಂದರೆ ಒಂದೂಕಾಲು ಮಾನಕ ದೋಷದಷ್ಟು. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರೂ ನಾಲ್ಕೈದು ತರಗತಿಗಳಲ್ಲಿ ಒಂದಕ್ಕೆ ಇಷ್ಟು ಅಂತರ ಬರುವುದು ಸಹಜ. ಮಾನಕ ದೋಷ 0.005ಕ್ಕೆ ಇಳಿಯಬೇಕಾದರೆ 10,000 ಪಟ್ಟಿಗಳು ಬೇಕು: ಹತ್ತು ಪಟ್ಟು ನಿಖರತೆಗೆ ನೂರು ಪಟ್ಟು ದುಡಿಮೆ.

ಉತ್ತರ 2:
ಮೇಲಿನ ಲೆಕ್ಕ ಸರಿ. ಆದರೆ ನೀವು 730 ಕಳೆಯಿಸಿದ್ದನ್ನು ಯಾರೂ ಗಮನಿಸಿದಂತಿಲ್ಲ. 731ರಿಂದ 999ರವರೆಗೆ ಇರುವುದು 269 ಸಂಖ್ಯೆಗಳು ಮಾತ್ರ. ಹಾಗಾಗಿ ಜನವರಿ 1ರಿಂದ ಸೆಪ್ಟೆಂಬರ್ 26ರವರೆಗಿನ ಪ್ರತಿ ದಿನಕ್ಕೂ ಮೂರು ಸಂಖ್ಯೆಗಳು ಸಲ್ಲುತ್ತವೆ, ಸೆಪ್ಟೆಂಬರ್ 27ರಿಂದಾಚೆಯ ದಿನಗಳಿಗೆ ಎರಡೇ. ಡಿಸೆಂಬರಿನಲ್ಲಿ ಹುಟ್ಟಿದವರಿಗೆ ಅನ್ಯಾಯ! ದಿನಗಳು ಸಮಸಂಭವವಾಗಿ ಉಳಿಯದಿದ್ದಾಗ ಮರುಕಳಿಕೆ ಹೆಚ್ಚುತ್ತದೆ. ನಾನು ಲೆಕ್ಕ ಹಾಕಿದಂತೆ 0.507 ಇದ್ದದ್ದು ಸುಮಾರು 0.516 ಆಗುತ್ತದೆ. ನಿಮ್ಮ 57ಕ್ಕೆ ಇದೊಂದೇ ಕಾರಣವಲ್ಲ, ನೂರು ಪಟ್ಟಿಗಳಲ್ಲಿ ಇದು ಕಣ್ಣಿಗೂ ಬೀಳದು. ಆದರೆ ಲಕ್ಷ ಪಟ್ಟಿ ಮಾಡಿದರೂ ಉತ್ತರ 0.516ರ ಸುತ್ತಲೇ ನಿಲ್ಲುತ್ತದೆಯೇ ಹೊರತು 0.507ಕ್ಕೆ ಬರುವುದಿಲ್ಲ. 730ಕ್ಕಿಂತ ದೊಡ್ಡ ಸಂಖ್ಯೆಗಳನ್ನು ಕಳೆಯದೆ, ಕೈಬಿಡುವಂತೆ ಹೇಳಿ.

ಪ್ರಶ್ನೆ ಕೇಳಿದವರು:
ಕೋಷ್ಟಕ ಬೇಗ ಮುಗಿಯದಿರಲಿ ಎಂದು ಕಳೆಯುವ ಉಪಾಯವನ್ನು ನಾನೇ ಹೇಳಿಕೊಟ್ಟಿದ್ದೆ. ಹಾಗಾದರೆ ಸೂತ್ರವೇ ಇರುವಾಗ ಈ ಶ್ರಮ ಏಕೆ ಎಂದು ಮಕ್ಕಳು ಕೇಳಿದರೆ?

ಉತ್ತರ 3:
ಇಬ್ಬರ ಬದಲು ಮೂವರ ಜನ್ಮದಿನ ಒಂದೇ ಆಗುವುದನ್ನು ಸೂತ್ರದಿಂದ ಕಂಡುಹಿಡಿಯಲು ಹೇಳಿ ನೋಡಿ. ಎಣಿಕೆ ಕೂಡಲೇ ಕಗ್ಗಂಟಾಗುತ್ತದೆ, ಆದರೆ ಸಿಮ್ಯುಲೇಶನ್ನಿನಲ್ಲಿ, ಅಂದರೆ ನೀವು ಮಾಡಿಸಿದಂತೆ ಯಾದೃಚ್ಛಿಕ ಸಂಖ್ಯೆಗಳಿಂದ ಪ್ರಯೋಗ ನಡೆಸಿ ಎಣಿಸುವುದರಲ್ಲಿ, ಬದಲಾಗುವುದು ಒಂದು ಷರತ್ತು ಮಾತ್ರ. ಸಂಭವನೀಯತೆ ಅರ್ಧವನ್ನು ದಾಟಲು 88 ಜನ ಬೇಕೆಂಬುದನ್ನು ಅವರು ತಾವೇ ಸಮೀಪಿಸಬಹುದು. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಅವರು, ಒಬ್ಬರೇ ಆಡುವ ಇಸ್ಪೀಟಾಟದಲ್ಲಿ ಗೆಲ್ಲುವ ಸಂಭವನೀಯತೆ ಎಣಿಕೆಗೆ ಸಿಗದೆ ಹೋದಾಗ, ನೂರು ಸಲ ಆಡಿ ಗೆದ್ದದ್ದನ್ನು ಎಣಿಸಿದರೆ ಸಾಲದೇ ಎಂದು ಯೋಚಿಸಿದರು. ಯಾದೃಚ್ಛಿಕ ಪ್ರಯೋಗಗಳಿಂದ ಅಂದಾಜು ಮಾಡುವ ಮಾಂಟೆ ಕಾರ್ಲೋ ವಿಧಾನ ಬೆಳೆದದ್ದು ಅಲ್ಲಿಂದ. ಎಕ್ಸೆಲ್‌ನಲ್ಲಿ ಮಾಡಿಸುವುದಾದರೆ ಒಂದು ಎಚ್ಚರಿಕೆ: ರ‍್ಯಾಂಡ್‌ಬಿಟ್ವೀನ್ (ಎರಡು ಮಿತಿಗಳ ನಡುವಿನ ಯಾದೃಚ್ಛಿಕ ಸಂಖ್ಯೆ ಕೊಡುವ ಎಕ್ಸೆಲ್ ಆದೇಶ) ಬರೆದ ಹಾಳೆಯಲ್ಲಿ ಯಾವುದೋ ಒಂದು ಕೋಶವನ್ನು ತಿದ್ದಿದರೂ ಎಲ್ಲ ಸಂಖ್ಯೆಗಳೂ ಬದಲಾಗುತ್ತವೆ, ಆದ್ದರಿಂದ ಎಣಿಸುವ ಮೊದಲು ಅವನ್ನು ಬರೀ ಮೌಲ್ಯಗಳಾಗಿ ಬೇರೆಡೆ ಅಂಟಿಸಿಕೊಳ್ಳಲಿ.