ಹಳೆಯ ದೊಡ್ಡ ಹೋಟೆಲ್ ಒಳಗೆ ಕಾಲಿಟ್ಟ ಕೂಡಲೇ ದನಿ ತಗ್ಗುತ್ತದೆ, ಯಾಕೆ?

ಕಿಟಕಿಪಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ತಿಂಡಿ ತಿನ್ನುವ ಹೋಟೆಲ್ ಬಗ್ಗೆ ಅಲ್ಲ, ದೊಡ್ಡ ನಗರಗಳ ನಡುಮಧ್ಯೆ ಇರುವ ಐಷಾರಾಮಿ ಹೋಟೆಲ್‌ಗಳ ಬಗ್ಗೆ ಕೇಳುತ್ತಿದ್ದೇನೆ.

ಕೆಲಸದ ಓಡಾಟದಲ್ಲಿ ಒಂದೇ ವಾರ ಎರಡು ಹೋಟೆಲ್‌ಗಳಲ್ಲಿ ತಂಗಬೇಕಾಯಿತು. ಒಂದು ನೂರು ವರ್ಷ ದಾಟಿದ್ದು. ಇನ್ನೊಂದು ಹೊಚ್ಚ ಹೊಸದು. ಹೊಸದರಲ್ಲಿ ಅಮೃತಶಿಲೆ ಜಾಸ್ತಿ, ರೂಮು ದೊಡ್ಡದು, ಹಾಸಿಗೆ ಇನ್ನೂ ಮೆತ್ತಗೆ. ಆದರೆ ರಾತ್ರಿ ದೀಪ ಆರಿಸಲು ಗೋಡೆಯ ಮೇಲಿನ ಗಾಜಿನ ಫಲಕ ಮುಟ್ಟಿ ಮುಟ್ಟಿ ಸಾಕಾಯಿತು. ಒಂದು ಆರಿಸಿದರೆ ಇನ್ನೊಂದು ಹೊತ್ತಿಕೊಳ್ಳುತ್ತಿತ್ತು. ಕೊನೆಗೆ ಬಚ್ಚಲುಮನೆಯ ದೀಪ ಉರಿಯುತ್ತಿರುವಂತೆಯೇ ಮಲಗಿದೆ.

ಹಳೆಯದರಲ್ಲಿ ಬಾಗಿಲು ದಾಟಿದ ಕೂಡಲೇ ನನ್ನ ನಡಿಗೆ ನಿಧಾನವಾಯಿತು. ದನಿ ತಾನಾಗಿಯೇ ತಗ್ಗಿತು. ಯಾರೂ ಏನೂ ಹೇಳಿರಲಿಲ್ಲ. ದಿನವಿಡೀ ಓಡಾಡಿದ ಬಟ್ಟೆ, ಧೂಳು ಹಿಡಿದ ಬ್ಯಾಗು, ಮೊದಲ ಎರಡು ನಿಮಿಷ ಹೆದರಿಕೆಯೂ ಆಗಿತ್ತು, ಆಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ಬೆಳಗಿನ ಜಾವ ನಿದ್ದೆ ಬರದೆ ಕೆಳಗೆ ಬಂದಾಗ ಅದೇ ಲಾಬಿ ಬೇರೆಯೇ ಜಾಗದಂತೆ ಕಾಣುತ್ತಿತ್ತು.

ಇದು ಬರೀ ವಯಸ್ಸಿನ ಮಹಿಮೆಯಾ? ಅಥವಾ ಯಾರೋ ಕೂತು ಯೋಚಿಸಿ ಮಾಡಿದ್ದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

---

ಅಳತೆಪಟ್ಟಿ

ಒಳಾಂಗಣ ವಿನ್ಯಾಸ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮಗೆ ಆದದ್ದು ಸುಮ್ನೆ ಆದದ್ದಲ್ಲ. ಬೀದಿಯಿಂದ ಕುರ್ಚಿಯವರೆಗಿನ ಆ ನಲವತ್ತು ಐವತ್ತು ಹೆಜ್ಜೆಗಳನ್ನು ಯಾರೋ ಒಬ್ಬರು ಒಂದೊಂದಾಗಿ ಯೋಚಿಸಿರುತ್ತಾರೆ. ಮೊದಲು ತಿರುಗುವ ಬಾಗಿಲು ತೆಗೆದುಕೊಳ್ಳಿ. ಅಮೆರಿಕದ ಥಿಯೊಫಿಲಸ್ ವ್ಯಾನ್ ಕ್ಯಾನೆಲ್ 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದರ ಕೆಲಸ ಗಾಳಿ ತಡೆಯುವುದು. ಚಳಿಗಾಲದಲ್ಲಿ ಎತ್ತರದ ಕಟ್ಟಡದೊಳಗಿನ ಬೆಚ್ಚನೆ ಗಾಳಿ ಮೇಲಕ್ಕೆ ಏರುತ್ತದೆ, ಆಗ ಕೆಳಗಿನ ಬಾಗಿಲಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ. ತಿರುಗುವ ಬಾಗಿಲು ಯಾವಾಗಲೂ ಮುಚ್ಚಿಯೇ ಇರುವುದರಿಂದ ಅದು ನಿಲ್ಲುತ್ತದೆ. ಗಾಳಿಯ ಜೊತೆಗೆ ಬೀದಿಯ ಗದ್ದಲವೂ ಹೊರಗೇ ಉಳಿಯುತ್ತದೆ. ಅದರೊಳಗೆ ನೀವು ಒಬ್ಬರೇ, ಎರಡು ಸೆಕೆಂಡು, ಮರ ಮತ್ತು ಗಾಜಿನ ನಡುವೆ. ಕಿವಿಗೆ ಆ ಎರಡು ಸೆಕೆಂಡು ಸಾಕು. ತಾನಾಗಿಯೇ ಜಾರಿಕೊಳ್ಳುವ ಗಾಜಿನ ಬಾಗಿಲಲ್ಲಿ ಈ ಕ್ಷಣವೇ ಇಲ್ಲ, ಬೀದಿಯೂ ನಿಮ್ಮ ಜೊತೆ ಒಳಗೆ ಬಂದುಬಿಡುತ್ತದೆ.

ಆಮೇಲೆ ಚಾವಣಿ. ಮೊದಲು ತಗ್ಗು, ಆಮೇಲೆ ಎತ್ತರ. ತಗ್ಗಿನ ಜಾಗ ದಾಟಿ ಬಂದವರಿಗೆ ಮಾತ್ರ ಎತ್ತರ ಎತ್ತರವಾಗಿ ಕಾಣುತ್ತದೆ. ಮೆಟ್ಟಿಲಿಗೂ ಇದೇ ಮಾತು. ಅಗಲವಾದ, ತಗ್ಗಾದ ಮೆಟ್ಟಿಲಿನ ಮೇಲೆ ಯಾರೂ ಓಡುವುದಿಲ್ಲ, ಕಾಲಿಗೇ ಮನಸ್ಸು ಬರುವುದಿಲ್ಲ. ಮುಂಬೈನ ತಾಜ್ ಮಹಲ್ ಪ್ಯಾಲೇಸ್ (1903) ಗುಮ್ಮಟದ ಕೆಳಗೆ ತೇಲಿದಂತೆ ಏರುವ ಮೆಟ್ಟಿಲು ನೋಡಿದವರಿಗೆ ಗೊತ್ತಿರುತ್ತದೆ. ಲಿಫ್ಟ್ ಇದ್ದರೂ ಜನ ಆ ಕಡೆಗೇ ನಡೆಯುತ್ತಾರೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೆಳಕು. ಹೊಸ ಹೋಟೆಲ್‌ಗಳಲ್ಲಿ ಚಾವಣಿಯಲ್ಲಿ ತೂತು ಕೊರೆದು ದೀಪ ಇಟ್ಟುಬಿಡುತ್ತಾರೆ. ಬೆಳಕು ನೆತ್ತಿಯ ಮೇಲಿಂದ ನೇರ ಬೀಳುತ್ತದೆ, ಕಣ್ಣಿನ ಕೆಳಗೆ ನೆರಳು, ಮೂಗಿನ ಕೆಳಗೆ ನೆರಳು. ಎಂಥ ಚೆಲುವರೂ ದಣಿದವರಂತೆ ಕಾಣುತ್ತಾರೆ. ಹಳೆಯ ಹೋಟೆಲ್‌ಗಳಲ್ಲಿ ದೀಪಗಳು ಕೂತವರ ಮುಖದ ಮಟ್ಟದಲ್ಲಿರುತ್ತವೆ. ಮೇಜಿನ ಮೇಲೊಂದು, ಗೋಡೆಯ ಮೇಲೆರಡು, ಎಲ್ಲಕ್ಕೂ ಬಟ್ಟೆಯ ಮುಸುಕು. ಪ್ಯಾರಿಸ್‌ನ ರಿಟ್ಜ್ ಹೋಟೆಲ್ ತೆರೆದ ಸೀಸರ್ ರಿಟ್ಜ್ ಇದಕ್ಕೆ ಎಷ್ಟು ತಲೆ ಕೆಡಿಸಿಕೊಂಡಿದ್ದರು ಅಂದರೆ, ಮುಖಕ್ಕೆ ಒಪ್ಪುವ ಬೆಳಕು ಬೇಕೆಂದು ಮುಸುಕಿನ ಬಟ್ಟೆಗೆ ಏಪ್ರಿಕಾಟ್ ಹಣ್ಣಿನ ನಸುಗೆಂಪು ಬಣ್ಣವನ್ನೇ ಆರಿಸಿದ್ದರು. ಇವತ್ತಿನ ಲೆಕ್ಕದಲ್ಲಿ ಹೇಳುವುದಾದರೆ 2700 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ, ಜಾಸ್ತಿಯಾದಷ್ಟೂ ಬಿಳಿ). ನಾನು ಕೆಲಸ ಮಾಡಿದ ಒಂದು ಜಾಗದಲ್ಲಿ ಕೊನೆಯ ವಾರ ಯಾರೋ 4000 ಕೆಲ್ವಿನ್ ಬಲ್ಬು ತಂದು ಹಾಕಿಬಿಟ್ಟರು. ಅದೇ ಮರ, ಅದೇ ಕಾರ್ಪೆಟ್, ಅದೇ ಸೋಫಾ. ಒಂದೇ ಸಂಜೆಯಲ್ಲಿ ಲಾಬಿ ಔಷಧಿ ಅಂಗಡಿಯಂತಾಯಿತು. ಎಲ್ಲವನ್ನೂ ಬಿಚ್ಚಿಸಿದೆ.

ನಿಮ್ಮ ದನಿ ತಗ್ಗಿದ್ದಕ್ಕೆ ಕಾರಣ ಕಾರ್ಪೆಟ್ ಮತ್ತು ಪರದೆ. ಕಲ್ಲು ಶಬ್ದವನ್ನು ವಾಪಸ್ ಎಸೆಯುತ್ತದೆ, ಬಟ್ಟೆ ಹೀರಿಕೊಳ್ಳುತ್ತದೆ. ಅಮೃತಶಿಲೆ ಜಾಸ್ತಿಯಾದಷ್ಟೂ ಗದ್ದಲ ಜಾಸ್ತಿ, ಗದ್ದಲ ಜಾಸ್ತಿಯಾದಷ್ಟೂ ಎಲ್ಲರೂ ಇನ್ನೂ ಜೋರಾಗಿ ಮಾತಾಡುತ್ತಾರೆ. ನಿಶ್ಶಬ್ದವಾದ ಜಾಗದಲ್ಲಿ ಇದೇ ತಿರುಗಾಮುರುಗಾ. ಪಕ್ಕದವರು ಮೆಲ್ಲಗೆ ಮಾತಾಡುತ್ತಾರೆ, ನೀವೂ ಮೆಲ್ಲಗೆ ಮಾತಾಡುತ್ತೀರಿ.

ಇನ್ನು ನಿಮ್ಮ ಸ್ವಿಚ್ಚಿನ ಕಷ್ಟ. ಹಾಸಿಗೆಯಲ್ಲಿ ಮಲಗಿದವರು ಕತ್ತಲಲ್ಲಿ ಕೈ ಚಾಚಿ, ನೋಡದೆ ದೀಪ ಆರಿಸುವಂತಿರಬೇಕು. ಅಷ್ಟು ಆಗದಿದ್ದರೆ ಉಳಿದ ವಿನ್ಯಾಸ ಎಷ್ಟು ಚೆನ್ನಾಗಿದ್ದರೂ ನನ್ನ ಲೆಕ್ಕದಲ್ಲಿ ಅದು ಸೋತ ರೂಮು.

---

ಹಳೇಪುಟ

ಅಳತೆಪಟ್ಟಿ ಅವರು ಹೇಳಿದ್ದು ಒಳ್ಳೆಯದಾಯಿತು. ನಾನು ಇತಿಹಾಸದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಇವತ್ತು ನಾವು ವಾತಾವರಣ ಅಂತ ಕರೆಯುವುದು ಮೊದಲಿಗೆ ಹೋಟೆಲ್‌ಗಳು ಮಾರುತ್ತಿದ್ದ ವಸ್ತುವೇ ಅಲ್ಲ. ಅವು ಮಾರುತ್ತಿದ್ದದ್ದು ಬೀಗ, ನೀರು, ದೀಪ.

1829ರಲ್ಲಿ ಬಾಸ್ಟನ್‌ನಲ್ಲಿ ತೆರೆದ ಟ್ರೆಮಾಂಟ್ ಹೌಸ್ ಅನ್ನು ಆಧುನಿಕ ಐಷಾರಾಮಿ ಹೋಟೆಲ್‌ಗಳ ಮೊದಲ ಮನೆ ಅನ್ನುತ್ತಾರೆ. ಅಲ್ಲಿನ ದೊಡ್ಡ ಸುದ್ದಿ ಏನು ಗೊತ್ತಾ? ಬೀಗ ಹಾಕಬಹುದಾದ ರೂಮು, ಕಟ್ಟಡದ ಒಳಗೇ ಶೌಚಾಲಯ, ಪುಕ್ಕಟೆ ಸೋಪು. ಅದಕ್ಕೂ ಮೊದಲಿನ ಛತ್ರದಂಥ ತಂಗುದಾಣಗಳಲ್ಲಿ ಗುರುತಿಲ್ಲದವರ ಜೊತೆ ಕೋಣೆ, ಕೆಲವು ಸಲ ಹಾಸಿಗೆಯನ್ನೂ ಹಂಚಿಕೊಳ್ಳಬೇಕಿತ್ತು. ಹಾಗಿರುವಾಗ ನಿಮ್ಮದೇ ಬಾಗಿಲಿಗೆ ನಿಮ್ಮದೇ ಕೀಲಿ ಅಂದರೆ ಅದೇ ಐಷಾರಾಮ.

1859ರಲ್ಲಿ ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂ ಹೋಟೆಲ್ ಹಬೆಯಿಂದ ನಡೆಯುವ ಲಿಫ್ಟ್ ಹಾಕಿಸಿತು. ನನಗೆ ಇದು ತುಂಬಾ ಇಷ್ಟದ ಸಂಗತಿ. ಅಲ್ಲಿಯವರೆಗೆ ಮೇಲಿನ ಮಹಡಿ ಅಂದರೆ ಅಗ್ಗದ ಮಹಡಿ, ಅಷ್ಟು ಮೆಟ್ಟಿಲು ಹತ್ತುವವರು ಯಾರು? ಲಿಫ್ಟ್ ಬಂದು ಇಡೀ ಕಟ್ಟಡದ ಬೆಲೆಪಟ್ಟಿಯನ್ನೇ ತಲೆಕೆಳಗು ಮಾಡಿತು. ಗದ್ದಲದಿಂದ ದೂರ, ಗಾಳಿ ಬೆಳಕು ಚೆನ್ನಾಗಿರುವ ಮೇಲಿನ ರೂಮುಗಳೇ ನಿಧಾನವಾಗಿ ದುಬಾರಿಯಾದವು. ಇವತ್ತಿನ ಪೆಂಟ್‌ಹೌಸ್ ಸೂಟ್, ಅಂದರೆ ತುತ್ತತುದಿಯ ಮಹಡಿಯ ದುಬಾರಿ ಕೋಣೆಗಳು, ಅದರ ಬೇರು ಅಲ್ಲಿದೆ.

1889ರಲ್ಲಿ ಲಂಡನ್‌ನ ಸವಾಯ್ ವಿದ್ಯುತ್ ದೀಪ, ವಿದ್ಯುತ್ ಲಿಫ್ಟ್ ತಂದಿತು. ಕಟ್ಟಿಸಿದವರು ರಿಚರ್ಡ್ ಡಾಯ್ಲಿ ಕಾರ್ಟ್, ನಾಟಕಮಂದಿರ ನಡೆಸುತ್ತಿದ್ದವರು. ದೊಡ್ಡ ಹೋಟೆಲ್‌ಗೂ ರಂಗಭೂಮಿಗೂ ನಂಟು ಇರುವುದು ಬರೀ ಮಾತಿಗಲ್ಲ, ನಿಜವಾಗಿಯೂ ಇದೆ. ಅಲ್ಲಿ ಮ್ಯಾನೇಜರ್ ಆಗಿದ್ದ ಸೀಸರ್ ರಿಟ್ಜ್ 1898ರಲ್ಲಿ ಪ್ಯಾರಿಸ್‌ನಲ್ಲಿ ತಮ್ಮದೇ ಹೋಟೆಲ್ ತೆರೆದರು, ರೂಮಿಗೆ ಅಂಟಿಕೊಂಡೇ ಬಚ್ಚಲುಮನೆ ಕೊಟ್ಟರು. ಆದರೆ 1908ರಲ್ಲಿ ಬಫಲೊ ನಗರದಲ್ಲಿ ಎಲ್ಸ್‌ವರ್ತ್ ಸ್ಟ್ಯಾಟ್ಲರ್ ಸಾಮಾನ್ಯ ವ್ಯಾಪಾರಿಗಳಿಗೂ ಪ್ರತಿ ರೂಮಿಗೊಂದು ಬಚ್ಚಲು ಕೊಟ್ಟುಬಿಟ್ಟರು. ಎರಡು ರೂಮಿನ ಬಚ್ಚಲುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಒಂದೇ ಕೊಳವೆಯ ದಾರಿಯಲ್ಲಿ ಎರಡಕ್ಕೂ ನೀರು. ಖರ್ಚು ಇಳಿಯಿತು, ಎಲ್ಲರೂ ಅದನ್ನೇ ಮಾಡಿದರು.

ಅಲ್ಲಿಗೆ ದೊಡ್ಡ ಹೋಟೆಲ್‌ಗಳಿಗೆ ಕಷ್ಟ ಶುರುವಾಯಿತು. ಬೀಗ, ಬಿಸಿನೀರು, ದೀಪ ಎಲ್ಲರಿಗೂ ಸಿಕ್ಕ ಮೇಲೆ ಇನ್ನೇನು ಕೊಡುವುದು? ಆಗ ಉಳಿದದ್ದು ಜಾಗ, ನಡವಳಿಕೆ, ಮತ್ತು ಯಾರು ಯಾರನ್ನು ನೋಡುತ್ತಾರೆ ಅನ್ನುವುದು. ಇದರಲ್ಲಿ ಎರಡು ದಾರಿ ಇದ್ದವು. ನ್ಯೂಯಾರ್ಕ್‌ನ ವಾಲ್ಡಾರ್ಫ್ ಆಸ್ಟೋರಿಯಾದಲ್ಲಿ ಎರಡು ಹೋಟೆಲ್‌ಗಳನ್ನು ಜೋಡಿಸುವ ಉದ್ದನೆಯ ಕಾರಿಡಾರ್ ಇತ್ತು. ಸಿಂಗರಿಸಿಕೊಂಡ ಜನ ಅಲ್ಲಿ ಓಡಾಡುವುದನ್ನು ನೋಡಿ ಅದಕ್ಕೆ ನವಿಲಿನ ಓಣಿ ಅಂತಲೇ ಹೆಸರು ಬಿತ್ತು. ರೂಮು ಮಾಡದವರೂ ಬಂದು ಕೂತು ನೋಡುತ್ತಿದ್ದರು. ಪ್ಯಾರಿಸ್‌ನ ರಿಟ್ಜ್ ಪೂರ್ತಿ ಉಲ್ಟಾ. ಸುಮ್ಮನೆ ಕಾಲ ಕಳೆಯುವವರು ತುಂಬಿಕೊಳ್ಳಬಾರದೆಂದು ಲಾಬಿಯನ್ನೇ ಚಿಕ್ಕದು ಮಾಡಿದರು. ಒಂದು ಸಂತೆ, ಒಂದು ಮನೆ. ಇವತ್ತು ಯಾವ ನಗರದ ಯಾವ ದೊಡ್ಡ ಹೋಟೆಲ್‌ಗೆ ಹೋದರೂ ಈ ಎರಡರಲ್ಲಿ ಒಂದರ ನೆರಳು ಕಾಣುತ್ತದೆ. ನಿಮ್ಮ ದನಿ ತಗ್ಗಿತು ಅಂದರೆ ನೀವು ತಂಗಿದ್ದು ಎರಡನೆಯ ಜಾತಿಯದ್ದು ಇರಬೇಕು.

ಒಂದು ವಿಷಯ ಮರೆಯಬಾರದು. ಆ ಕಾಲದ ಅಮೆರಿಕದ ಎಷ್ಟೋ ದೊಡ್ಡ ಹೋಟೆಲ್‌ಗಳಲ್ಲಿ ಹೆಂಗಸರಿಗೆ ಬೇರೆ ಬಾಗಿಲು, ಬೇರೆ ಕೋಣೆ ಇತ್ತು. ನಾವು ಇಷ್ಟಪಡುವ ಆ ವಿನ್ಯಾಸ ಯಾರು ಎಲ್ಲಿ ಕಾಣಿಸಿಕೊಳ್ಳಬಹುದು ಅನ್ನುವುದನ್ನೂ ಗೆರೆ ಎಳೆದು ಹೇಳುತ್ತಿತ್ತು. ನಿಮಗೆ ಮೊದಲ ಎರಡು ನಿಮಿಷ ಹೆದರಿಕೆ ಆಯಿತಲ್ವಾ, ಅದರಲ್ಲಿ ಒಂದು ಪಾಲು ಆ ಕಾಲದ್ದೇ.

---

ಮೂರನೇಮಹಡಿ

ಎಲ್ಲ ಸರಿ, ಆದರೆ ಹಳೆಯದು ಅಂದರೆ ಚೆನ್ನ, ಹೊಸದು ಅಂದರೆ ಪೊಳ್ಳು ಅನ್ನುವ ಕಡೆಗೆ ಮಾತು ಹೋಗಬಾರದು. ಲಂಡನ್‌ನ ರಿಟ್ಜ್ 1906ರಲ್ಲಿ ತೆರೆದಾಗ ಅದರ ಎಲುಬು ಪೂರ್ತಿ ಉಕ್ಕಿನದ್ದು, ಆ ನಗರಕ್ಕೆ ಆಗ ತೀರಾ ಹೊಸ ಕೆಲಸ. ಮೇಲೆ ಹೊದಿಸಿದ್ದು ಮಾತ್ರ ಹಳೇ ಫ್ರೆಂಚ್ ಅರಮನೆಯ ರೂಪ. ಅಂದರೆ ಅದು ಹುಟ್ಟಿದ ದಿನವೇ ಹಳೆಯದಾಗಿ ಕಾಣುವಂತೆ ಕಟ್ಟಿದ್ದು. ಆದರೂ ಕೆಲಸ ಮಾಡುತ್ತದೆ, ಯಾಕೆಂದರೆ ಕಟ್ಟಿದವರು ಮನಸ್ಸಿಟ್ಟು ಕಟ್ಟಿದರು.

ಕೋಪನ್‌ಹೇಗನ್‌ನ ಎಸ್‌ಎಎಸ್ ರಾಯಲ್ ಹೋಟೆಲ್ (1960) ನೋಡಿ. ಉಕ್ಕು, ಗಾಜು, ಒಂದು ಹೂಬಳ್ಳಿಯ ಕೆತ್ತನೆಯೂ ಇಲ್ಲ. ವಾಸ್ತುಶಿಲ್ಪಿ ಆರ್ನೆ ಯಾಕೊಬ್ಸೆನ್ ಕಟ್ಟಡದಿಂದ ಹಿಡಿದು ಬಾಗಿಲ ಹಿಡಿ, ಊಟದ ಚಮಚದವರೆಗೆ ತಾವೇ ವಿನ್ಯಾಸ ಮಾಡಿದರು. ಇವತ್ತು ಎಲ್ಲೆಲ್ಲೂ ಕಾಣುವ, ಮೊಟ್ಟೆಯ ಆಕಾರದ ಎಗ್ ಕುರ್ಚಿ ಆ ಹೋಟೆಲ್‌ಗಾಗಿಯೇ ಮಾಡಿದ್ದು. 606ನೇ ರೂಮನ್ನು ಮೊದಲಿದ್ದ ಹಾಗೆಯೇ ಉಳಿಸಿಕೊಂಡಿದ್ದಾರೆ. ಇನ್ನು ಅಮೆರಿಕದ ವಾಸ್ತುಶಿಲ್ಪಿ ಜಾನ್ ಪೋರ್ಟ್‌ಮನ್ 1967ರಲ್ಲಿ ಅಟ್ಲಾಂಟಾದ ಹಯಾಟ್ ರೀಜೆನ್ಸಿಯ ಹೊಟ್ಟೆಯನ್ನೇ ಟೊಳ್ಳು ಮಾಡಿ 22 ಮಹಡಿ ಎತ್ತರದ ಅಂಗಳ ತೆರೆದರು. ತಗ್ಗಿನ ದಾರಿಯಲ್ಲಿ ಬಂದು ಆ ಎತ್ತರಕ್ಕೆ ಸಿಕ್ಕಿದವರು ಕತ್ತೆತ್ತಿ ನಿಂತುಬಿಡುತ್ತಿದ್ದರು. ಅಳತೆಪಟ್ಟಿ ಅವರು ಹೇಳಿದ್ದೇ, ತಗ್ಗು ಆಮೇಲೆ ಎತ್ತರ.

ಟೋಕಿಯೊದ ಒಕುರಾ ಹೋಟೆಲ್ ಕಥೆಯಂತೂ ನನ್ನನ್ನು ಬಿಡುವುದೇ ಇಲ್ಲ. 1962ರ ಆ ಲಾಬಿಯಲ್ಲಿ ಆರು ಮೂಲೆಯ ಮಣಿಗಳ ಸರದಂತೆ ದೀಪಗಳು ತೂಗುತ್ತಿದ್ದವು, ದುಂಡು ಮೇಜಿನ ಸುತ್ತ ಕುರ್ಚಿಗಳು ಮೇಲಿನಿಂದ ನೋಡಿದರೆ ಅರಳಿದ ಹೂವಿನಂತೆ. 2015ರಲ್ಲಿ ಅದನ್ನು ಕೆಡವುತ್ತಾರೆ ಅಂದಾಗ ಬೇರೆ ಬೇರೆ ದೇಶಗಳ ಜನ ಬೇಡ ಅಂತ ಬೇಡಿಕೊಂಡರು. ಕೆಡವಿದರು. 2019ರಲ್ಲಿ ಹೊಸ ಕಟ್ಟಡ ತೆರೆದಾಗ ಮೊದಲ ಲಾಬಿ ಮಾಡಿದ ಯೊಶಿರೊ ತನಿಗುಚಿ ಅವರ ಮಗ ಯೊಶಿಯೊ ಅದೇ ಲಾಬಿಯನ್ನು ಮತ್ತೆ ಕಟ್ಟಿಕೊಟ್ಟಿದ್ದರು. ಅಪ್ಪ ಮಾಡಿದ್ದನ್ನು ಮಗ ಮತ್ತೆ ಮಾಡುವುದು ಅಂದರೆ ಎಷ್ಟು ಭಾರದ ಕೆಲಸ ಯೋಚಿಸಿ. ವಯಸ್ಸೇ ಎಲ್ಲವೂ ಆಗಿದ್ದರೆ ಅವರು ಆ ಕಷ್ಟ ಪಡುತ್ತಿರಲಿಲ್ಲ.

---

ಕಿಟಕಿಪಕ್ಕ

ಮೂವರಿಗೂ ತುಂಬಾ ಥ್ಯಾಂಕ್ಸ್. ಎರಡೆರಡು ಸಲ ಓದಿದೆ. ದೀಪದ ಮಾತು ನಿಜ, ಈಗ ನೆನಪಿಸಿಕೊಂಡರೆ ಆ ಲಾಬಿಯ ಚಾವಣಿಯಲ್ಲಿ ಒಂದೂ ದೀಪ ಇರಲಿಲ್ಲ.

ಇನ್ನೊಂದು ಕೇಳಬೇಕಿತ್ತು. ಲಿಫ್ಟ್ ಒಳಗಿನ ಕಾರ್ಪೆಟ್ ಮೇಲೆ ಆವತ್ತಿನ ವಾರದ ಹೆಸರು ನೇಯ್ದಿತ್ತು. ರಾತ್ರಿ ಬಂದಾಗ ಮಂಗಳವಾರ ಅಂತಿತ್ತು, ಬೆಳಗಿನ ಜಾವ ನೋಡಿದರೆ ಬುಧವಾರ. ಯಾರು ಬದಲಾಯಿಸುತ್ತಾರೆ, ಯಾವಾಗ?

---

ರಾತ್ರಿಪಾಳಿ

ನಾನು ಹೇಳುತ್ತೇನೆ. ಅಂಥದ್ದೇ ಒಂದು ಹೋಟೆಲ್‌ನಲ್ಲಿ ಒಂಬತ್ತು ವರ್ಷ ರಾತ್ರಿ ಕೆಲಸ ಮಾಡಿದ್ದೇನೆ.

ಮೇಲೆ ಎಲ್ಲರೂ ಕಟ್ಟಡದ ಬಗ್ಗೆ ಬರೆದಿದ್ದಾರೆ. ಆ ಕಟ್ಟಡದ ಹಿಂದೆ ಇನ್ನೊಂದು ಕಟ್ಟಡ ಇರುತ್ತದೆ. ಗೋಡೆಯ ಬಣ್ಣದಲ್ಲೇ ಬೆರೆತುಹೋದ ಬಾಗಿಲು, ಅದರಾಚೆ ಬರೀ ಸಿಮೆಂಟಿನ ಓಣಿ, ಸರ್ವಿಸ್ ಲಿಫ್ಟ್, ಇಸ್ತ್ರಿಯ ಹಬೆ, ಟ್ರಾಲಿಗಳ ಗಡಗಡ. ಆ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳಬೇಕು, ಒಂದು ಸಲ ಧಡ್ ಅಂದರೂ ಮುಂದಿನ ಅಷ್ಟೂ ಕಾರ್ಪೆಟ್ ವ್ಯರ್ಥ. ನಮಗೆ ಮೊದಲು ಕಲಿಸಿದ್ದೇ ಬಾಗಿಲು ಹಿಡಿದು ಬಿಡುವುದು.

ನಿಮ್ಮ ಹೆದರಿಕೆ ಹೋದದ್ದು ಹೇಗೆ ಅಂತ ನನಗೆ ಗೊತ್ತು. ಬಾಗಿಲಲ್ಲಿ ಬ್ಯಾಗು ತೆಗೆದುಕೊಂಡವರು ಅದರ ಚೀಟಿಯ ಮೇಲಿನ ಹೆಸರು ಓದಿ ಒಳಗೆ ತಿಳಿಸಿರುತ್ತಾರೆ. ನೀವು ರಿಸೆಪ್ಶನ್ ತಲುಪುವ ಹೊತ್ತಿಗೆ ನಿಮ್ಮ ಹೆಸರು ನಿಮಗಿಂತ ಮುಂಚೆ ಬಂದಿರುತ್ತದೆ. ಹೆಸರು ಹಿಡಿದು ಕರೆದವರ ಮನೆಯಲ್ಲಿ ಎಷ್ಟು ಹೊತ್ತು ಹೆದರಿಕೆ ಇರುತ್ತದೆ ಹೇಳಿ? ಕೋಟಿನ ಮೇಲೆ ಅಡ್ಡಡ್ಡ ಎರಡು ಚಿನ್ನದ ಬಣ್ಣದ ಕೀಲಿ ಇದ್ದವರು ಯಾರಾದರೂ ಕಂಡರಾ? ಅವರು ಕನ್ಸಿಯರ್ಜ್, ಅಂದರೆ ಅತಿಥಿಗಳಿಗೆ ಬೇಕಾದ್ದನ್ನೆಲ್ಲ ಏರ್ಪಾಡು ಮಾಡಿಕೊಡುವವರು. 1929ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಅವರ ಸಂಘದ ಗುರುತು ಅದು. ಸುಮ್ನೆ ಯಾರಿಗೂ ಕೊಡುವುದಿಲ್ಲ, ವರ್ಷಗಟ್ಟಲೆ ಕೆಲಸ ಮಾಡಿರಬೇಕು.

ಬೆಳಗಿನ ಜಾವ ಲಾಬಿ ಬೇರೆಯಾಗಿ ಕಂಡದ್ದೂ ನಿಜವೇ. ಹಗಲಿಗೊಂದು, ಸಂಜೆಗೊಂದು, ನಡುರಾತ್ರಿಗೊಂದು ಬೆಳಕಿನ ಮಟ್ಟ ಇರುತ್ತದೆ. ಎರಡರಿಂದ ಐದರ ನಡುವೆ ಕಲ್ಲಿಗೆ ಪಾಲಿಶ್, ಹಿತ್ತಾಳೆಗೆ ಉಜ್ಜುವುದು, ಹೂವು ಬದಲಾಯಿಸುವುದು. ಅತಿಥಿ ಯಾರಾದರೂ ಇಳಿದು ಬಂದರೆ ಯಂತ್ರ ನಿಲ್ಲಿಸಿ ಪಕ್ಕಕ್ಕೆ ನಿಲ್ಲುತ್ತಿದ್ದೆವು, ಅವರು ಹೋದ ಮೇಲೆ ಮತ್ತೆ ಶುರು. ನಿಮಗೂ ಯಾರೋ ನಿಲ್ಲಿಸಿರುತ್ತಾರೆ, ಅದಕ್ಕೇ ಅಷ್ಟು ಮೌನ.

ಕಾರ್ಪೆಟ್ ವಿಷಯ. ಒಂದು ಲಿಫ್ಟಿಗೆ ಏಳು. ನಮ್ಮಲ್ಲಿ ಹನ್ನೆರಡು ಗಂಟೆ ದಾಟಿದ ಮೇಲೆ, ಲಿಫ್ಟ್ ಖಾಲಿ ಇರುವಾಗ ಕೆಳಗೆ ಹಿಡಿದಿಟ್ಟು, ಇಬ್ಬರು ಸೇರಿ ಹಳೆಯದನ್ನು ಸುತ್ತಿ ಹೊಸದನ್ನು ಹಾಸುತ್ತಿದ್ದೆವು. ಒಂದು ನಿಮಿಷದ ಕೆಲಸ. ದೂರದ ವಿಮಾನ ಇಳಿದು ಬಂದವರಿಗೆ ಎಷ್ಟೋ ಸಲ ಇವತ್ತು ಯಾವ ವಾರ ಅಂತಲೇ ಗೊತ್ತಿರುವುದಿಲ್ಲ. ಕೇಳಲು ಸಂಕೋಚ ಬೇರೆ. ತಲೆ ತಗ್ಗಿಸಿ ನಿಂತರೆ ಕಾಲಡಿಯಲ್ಲೇ ಬರೆದಿರುತ್ತದೆ.